ಪುರವಣಿಗೆ ಕಳಿಸುವ ಮೊದಲು ಚಿಕ್ಕಮ್ಮನಿಗೆ ಓದಿ ಹೇಳು

ಮಗಳೇ, ನೀನು ಬೆಳಿಗ್ಗೆ ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನು ಈಗಷ್ಟೇ ನೋಡಿದೆ. ಪತ್ರಿಕೆಯವರು ಕ್ರಿಸ್ಮಸ್ ಪುರವಣಿಗೆಂದು ನಮ್ಮ ಮನೆಯ ಹಬ್ಬದ ಬಗ್ಗೆ ಲೇಖನ ಕೇಳಿದ್ದಾರೆ, ಮನೆ ಪಾಲಾದ ವರ್ಷ ಒಂದೇ ಅಂಗಳದಲ್ಲಿ ಎರಡು ಒಲೆ ಹೂಡಿ ಎರಡು ಕಡೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳನ್ನು, ಕರಿದದ್ದನ್ನು ಬರೆಯಬೇಕೆಂದು ನಿನಗೆ ಆಸೆ, ಆದರೆ ಬರೆದರೆ ಮನೆಯವರು ಮುನಿಸಿಕೊಂಡಾರೋ ಎಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ ಎಂದಿದ್ದೀಯ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಲು ನನ್ನ ಕಣ್ಣು ಸಾಲದು, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಕೊಂಕಣಿ ಬಾರದ ಸೊಸೆಯಂದಿರೂ ಅಳಿಯಂದಿರೂ ಇಲ್ಲಿರುವುದರಿಂದ ಕನ್ನಡದಲ್ಲೇ ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೆ ಕೇಳಿ, ಅರ್ಧಕ್ಕೇ ನಿಲ್ಲಿಸಿ ಹೆಬ್ಬೆರಳಿನ ಚಿತ್ರ ಹಾಕಬೇಡಿ.

ಕಿನ್ನಿಗೋಳಿಯ ಚಿಕ್ಕಮ್ಮ ಈ ಗುಂಪಿನಲ್ಲೇ ಇದ್ದಾಳೆಂಬುದು ನಿನಗೆ ಮರೆತುಹೋಯಿತೋ ಏನೋ. ಆ ಎರಡನೆಯ ಒಲೆ ಅವಳದೇ ತಾನೆ! ಇರಲಿ, ಕೇಳಿದ್ದು ಕೇಳಿಯಾಯಿತು. ಬರೆಯಬೇಡ ಎಂದು ನಾನು ಹೇಳುವುದಿಲ್ಲ. ಹಬ್ಬವೆಂದರೆ ಬರೀ ನಕ್ಷತ್ರ ದೀಪ ಮತ್ತು ಕೇಕ್ ಎಂದು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ: ಅಚ್ಚಿಗೆ ಹೋಗುವ ಮೊದಲು, ಯಾರ ಬಗ್ಗೆ ಬರೆದಿದ್ದೀಯೋ ಅವರ ಎದುರು ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿ ಹೇಳು.

ಯಾಕೆ ಹೇಳುತ್ತೇನೆಂದರೆ, ನನ್ನ ತವರಿನ ತೊಕ್ಕೊಟ್ಟಿನ ಅತ್ತೆಯನ್ನು ನೀವೆಲ್ಲ ಬಲ್ಲಿರಿ, ನೋಡದವರೂ ಅವರ ನೆವ್ರಿಯ ಹೆಸರು ಕೇಳಿರುತ್ತೀರಿ. ಕಿಡಿಯೊ, ಗುಳಿಯೊ, ಚಕ್ಕುಲಿ, ತುಕ್ಡಿಗಳನ್ನು ಯಾರು ಬೇಕಾದರೂ ಮಾಡಲಿ, ನೆವ್ರಿಯ ಹಿಟ್ಟನ್ನು ಮಾತ್ರ ಅವರು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಎಳ್ಳನ್ನು ಬೇರೆಯಾಗಿ, ಕಾಯಿತುರಿಯನ್ನು ಬೇರೆಯಾಗಿ, ಸ್ವಲ್ಪವೂ ಪಸೆ ಉಳಿಯದಂತೆ ಹುರಿದು, ಸಕ್ಕರೆ ಏಲಕ್ಕಿ ಬೆರೆಸಿ, ತೆಳ್ಳಗೆ ಲಟ್ಟಿಸಿದ ಹಾಳೆಯಲ್ಲಿ ತುಂಬಿ ಮಡಚಿ, ಅಂಚಿಗೆ ನೀರು ಸವರಿ ಒತ್ತಿ, ಹಲ್ಲಿರುವ ಹಿತ್ತಾಳೆಯ ಚಕ್ರವನ್ನು ಒಂದೇ ಎಳೆತಕ್ಕೆ ಸುತ್ತ ಓಡಿಸುತ್ತಿದ್ದರು. ಒಂದು ನೆವ್ರಿಯ ಬಾಯಿ ಬಾಣಲೆಯಲ್ಲಿ ಬಿಟ್ಟುಕೊಂಡರೂ ಸಾಕು, ಒಳಗಿನ ಎಳ್ಳು ಹೊರಬಂದು ಕರಕಾಗಿ ಇಡೀ ಎಣ್ಣೆ ಕೆಡುತ್ತದೆ. ಅವರ ಕೈಯಿಂದ ಹೋದದ್ದು ಬಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ. ಆರಿದ ಮೇಲೆ ಅವನ್ನು ತಗಡಿನ ದೊಡ್ಡ ಡಬ್ಬಿಗೆ ತುಂಬಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ನಮಗೆ ಮಕ್ಕಳಿಗೆ ಸಿಗುತ್ತಿದ್ದುದು ಒಡೆದ ಚಕ್ಕುಲಿ ಮಾತ್ರ.

ನಾನು ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಪತ್ರಿಕೆಯ ಕ್ರಿಸ್ಮಸ್ ಪುಟಕ್ಕೆ ಈ ಕೀಲಿಯ ಕಥೆಯನ್ನೇ ಬರೆದೆ. ಮೊದಲ ಅರ್ಧದಲ್ಲಿ ಬೀಗ, ಕೀಲಿ, ನಾವು ಕದಿಯಲು ಹೂಡುತ್ತಿದ್ದ ಉಪಾಯಗಳು ಇದ್ದವು. ಎರಡನೆಯ ಅರ್ಧದಲ್ಲಿ ಅತ್ತೆ ಯಾಕೆ ಹಾಗಿದ್ದರೆಂಬುದು ಇತ್ತು: ನೆರೆಯ ಬ್ಯಾರಿಗಳ ಮನೆಗೂ, ಬಂಟರ ಮನೆಗೂ, ನಮ್ಮ ಗದ್ದೆ ನಾಟಿಗೆ ಬರುತ್ತಿದ್ದ ಹೆಂಗಸರ ಮನೆಗಳಿಗೂ ಕುಸ್ವಾರಿನ ತಟ್ಟೆ ಮುಟ್ಟುವವರೆಗೆ ಸ್ವಂತ ಮನೆಯವರು ನೆವ್ರಿ ಮುಟ್ಟಬಾರದೆಂಬುದು ಅವರ ಕಟ್ಟುನಿಟ್ಟು, ಅಕ್ಕಿಗೇ ಕಷ್ಟವಿದ್ದ ವರ್ಷಗಳಲ್ಲೂ ಆ ತಟ್ಟೆಗಳನ್ನು ಅವರು ತಪ್ಪಿಸಿದವರಲ್ಲ. ಪತ್ರಿಕೆಯಲ್ಲಿ ಜಾಗ ಸಾಲಲಿಲ್ಲವಂತೆ. ಎರಡನೆಯ ಅರ್ಧವನ್ನು ಪೂರ್ತಿ ಕತ್ತರಿಸಿ, ಮೇಲೆ ‘ಜಿಪುಣ ಅತ್ತೆಯ ನೆವ್ರಿ’ ಎಂದು ದಪ್ಪಕ್ಷರದ ಶೀರ್ಷಿಕೆ ಕೊಟ್ಟರು. ಅದನ್ನು ನಾನು ಕೊಟ್ಟದ್ದಲ್ಲ, ನನ್ನನ್ನು ಕೇಳಿ ಕೊಟ್ಟದ್ದೂ ಅಲ್ಲ.

ಹಬ್ಬದ ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಯಾರೋ ಪುಣ್ಯಾತ್ಮರು ಪತ್ರಿಕೆಯನ್ನು ಬಿಡಿಸಿ, ಅತ್ತೆಯ ಮುಂದೆಯೇ ಜೋರಾಗಿ ಓದಿ ನಕ್ಕರು. ಅತ್ತೆ ಮನೆಗೆ ಬಂದವರು ಸೆರಗಿನಿಂದ ಕೀಲಿ ಬಿಚ್ಚಿ ಊಟದ ಮೇಜಿನ ಮೇಲಿಟ್ಟರು, ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದು ಸಾನ್ನಾ ಮತ್ತು ಹಂದಿಮಾಂಸದ ಊಟವನ್ನು ಎಲ್ಲರೂ ತಲೆ ತಗ್ಗಿಸಿ ಮುಗಿಸಿದೆವು. ಮುಂದಿನ ವರ್ಷ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ತೆಂಗಿನ ಗೆರಟೆಯಲ್ಲಿ ರಾಗಿ ಬಿತ್ತುವ ಕೆಲಸಕ್ಕೆ ಬಂದರು, ಎಳ್ಳು ಹುರಿಯಲು ಬರಲಿಲ್ಲ. ತಟ್ಟೆಗಳೇನೋ ಹೋದವು, ನೆವ್ರಿ ಇರಲಿಲ್ಲ. ಅತ್ತೆಗೆ ಆರೋಗ್ಯವಿಲ್ಲವೇ ಎಂದು ಮನೆಮನೆಯಿಂದ ವಿಚಾರಿಸಿದರು.

ಪುಣ್ಯಕ್ಕೆ ಆಗಿನ ಕಾಲದಲ್ಲಿ ಕಾರ್ಬನ್ ಹಾಳೆ ಇಟ್ಟು ಬರೆಯುವ ರೂಢಿಯಿತ್ತು. ನನ್ನ ಬಳಿ ಉಳಿದಿದ್ದ ಪ್ರತಿಯನ್ನು ತೆಗೆದುಕೊಂಡು ಹೋಗಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಒಂದು ಮಧ್ಯಾಹ್ನ ಅವರಿಗೆ ಇಡಿಯಾಗಿ ಓದಿದೆ. ಅವರು ಮಲ್ಲಿಗೆ ಕಟ್ಟುತ್ತಲೇ ಕೇಳಿಸಿಕೊಂಡು, ‘ಎಲ್ಲ ಸರಿ, ಆದರೆ ಕಪಾಟಿಗೆ ಬೀಗ ಹಾಕಿಸಿದ್ದು ನಾನಲ್ಲ, ನಿನ್ನ ಅಪ್ಪ. ಡಬ್ಬಿಯಿಂದ ಕದಿಯುತ್ತಿದ್ದವನೂ ಅವನೇ, ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದ’ ಎಂದರು. ನೋಡು, ನನ್ನ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಸಂಗತಿ ಇನ್ನೇನು ಬೇಕಿತ್ತು! ಅಚ್ಚಾಗುವ ಮೊದಲು ಓದಿದ್ದರೆ ಅದೂ ಸಿಗುತ್ತಿತ್ತು, ಒಂದು ವರ್ಷದ ನೆವ್ರಿಯೂ ಉಳಿಯುತ್ತಿತ್ತು. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಚಿಕ್ಕಮ್ಮನ ಬಗ್ಗೆ ಬರೆದದ್ದನ್ನು ಚಿಕ್ಕಮ್ಮನಿಗೆ ಓದಿ ಹೇಳದೆ ಎಲ್ಲಿಗೂ ಕಳಿಸಬೇಡ. ಎರಡು ಒಲೆಯ ಕಥೆ ನಿನಗೆ ಗೊತ್ತಿರುವುದು ನಿನ್ನ ಅಪ್ಪನ ಬಾಯಿಂದ. ಅವರು ಆ ದಿನ ಅಂಗಳದಲ್ಲೇ ಇರಲಿಲ್ಲ, ಪೇಟೆಗೆ ಹೋಗಿದ್ದರು.

ಓದಿ ಹೇಳುವುದು ನಮ್ಮ ಮನೆಗೆ ಹೊಸತೇನೂ ಅಲ್ಲ. 1938ರಿಂದ ಬರುತ್ತಿರುವ ‘ರಾಕ್ಣೊ’ ಕೊಂಕಣಿ ವಾರಪತ್ರಿಕೆಯನ್ನು ತೊಕ್ಕೊಟ್ಟಿನ ಮನೆಯಲ್ಲಿ ಅಪ್ಪ ರಾತ್ರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಜೋರಾಗಿ ಓದುತ್ತಿದ್ದರು, ಅಮ್ಮ ಮತ್ತು ಅತ್ತೆ ಹಿಟ್ಟು ನಾದುತ್ತಾ ಕೇಳುತ್ತಿದ್ದರು. ಕನ್ನಡ ಲಿಪಿಯ ಕೊಂಕಣಿಯನ್ನು ಕೇಳಿ ಕೇಳಿಯೇ ನನಗೆ ವಾಕ್ಯ ಕಟ್ಟುವುದು ಬಂದದ್ದು, ಬಿ.ಎ. ತರಗತಿಯಲ್ಲಿ ಅಲ್ಲ.

ಇನ್ನು ಈ ಪುರವಣಿಗಳ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ನಾನು ಇಷ್ಟು ವರ್ಷ ಬರೆದೆ, ನನ್ನನ್ನು ಡಿಸೆಂಬರ್ ಬಿಟ್ಟರೆ ಬೇರೆ ತಿಂಗಳಲ್ಲಿ ನೆನೆದ ಸಂಪಾದಕರು ವಿರಳ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ರಾಜ್ಯೋತ್ಸವಕ್ಕಾಗಲಿ ಶಿಕ್ಷಕರ ದಿನಕ್ಕಾಗಲಿ ಒಂದು ಬರಹ ಕೊಡಿ ಎಂದು ಯಾರೂ ಕೇಳಲಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ, ಅಂದರೆ ಮರಿಯಮ್ಮನ ಜನ್ಮದಿನದ ಬಗ್ಗೆ, ಇಗರ್ಜಿಯಿಂದ ತಂದ ಹೊಸ ತೆನೆಯ ಭತ್ತ ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುವ ಬಗ್ಗೆ ಬರೆದು ಕಳಿಸಿದರೆ, ‘ಚೆನ್ನಾಗಿದೆ ಮೇಡಂ, ಇದನ್ನೇ ಸ್ವಲ್ಪ ಬದಲಿಸಿ ಕ್ರಿಸ್ಮಸ್‌ಗೆ ಕೊಡಿ’ ಎಂದರು! ತೆನೆಯ ಹಬ್ಬವನ್ನು ಡಿಸೆಂಬರಿಗೆ ಹೇಗೆ ಬದಲಿಸುವುದು? ಡಿಸೆಂಬರಿನಲ್ಲಾದರೂ ಅವರಿಗೆ ಬೇಕಾದದ್ದು ಹಿಮ, ಸಾಂತಾಕ್ಲಾಸ್ ಮತ್ತು ಪ್ಲಮ್ ಕೇಕ್. ನಾವಿಲ್ಲಿ ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ಬಾಳೆಕಾಯಿ ಕರಿಯುವುದು ಯಾರ ಚಿತ್ರಕ್ಕೂ ಹೊಂದುವುದಿಲ್ಲ. ಗೌರವಧನದ ಮಾತು ಬೇಡ. ಅದನ್ನು ನೆನಪಿಸಿ ಪತ್ರ ಬರೆದ ಅಂಚೆಯ ಖರ್ಚೇ ಹೆಚ್ಚಾದ ಸಂದರ್ಭವೂ ಇದೆ. ಗೋದಲಿಯ ಬಗ್ಗೆ ಬರೆಯುವವರೆಲ್ಲ 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚಿಯೊದಲ್ಲಿ ಗೋದಲಿ ಏರ್ಪಡಿಸಿದರು ಎಂದೇ ಆರಂಭಿಸುತ್ತಾರೆ. ಅದು ನಿಜ, ಆದರೆ ನಮ್ಮ ಅಂಗಳದ ಎರಡು ಒಲೆಗಳ ಸಂಗತಿಯನ್ನು ನೀನಲ್ಲದೆ ಬೇರೆ ಯಾರೂ ಬರೆಯಲಾರರು, ನಿನ್ನ ಜಾಗವನ್ನು ಗ್ರೆಚ್ಚಿಯೊಗೆ ಕೊಡಬೇಡ.

ಅಯ್ಯೋ, ಮುಖ್ಯವಾದದ್ದನ್ನೇ ಹೇಳಲಿಲ್ಲ. ಜಾಗ ಸಾಲದಿದ್ದಾಗ ಪತ್ರಿಕೆಯವರು ಕೆಳಗಿನಿಂದ ಕತ್ತರಿಸುತ್ತಾರೆ. ಆದ್ದರಿಂದ ಯಾವ ಸಂಗತಿ ಬಿಟ್ಟುಹೋದರೆ ಚಿಕ್ಕಮ್ಮನಿಗೆ ಅನ್ಯಾಯವಾಗುತ್ತದೋ ಅದನ್ನು ಕೊನೆಗೆ ಉಳಿಸದೆ ಮೊದಲ ಎರಡು ಪ್ಯಾರಾದೊಳಗೇ ತಂದುಬಿಡು. ಎರಡು ಒಲೆ ಉರಿದ ಆ ವರ್ಷವೂ ನೆರೆಯವರಿಗೆ ಹೋದ ತಟ್ಟೆ ಒಂದೇ ಆಗಿತ್ತು, ಅರ್ಧ ಅವಳದು, ಅರ್ಧ ನಮ್ಮದು, ಅದು ನನ್ನ ಬೀಗದ ಕಥೆಯ ಎರಡನೆಯ ಅರ್ಧದಂತೆ ಕತ್ತರಿಗೆ ಸಿಗಬಾರದು. ಎಷ್ಟು ಪದ ಬೇಕೆಂದು ಕೇಳಿ ಅದಕ್ಕಿಂತ ಸ್ವಲ್ಪ ಕಡಿಮೆಯೇ ಬರೆ. ಶೀರ್ಷಿಕೆಯನ್ನು ನೀನೇ ಕೊಡು, ಬದಲಿಸುವುದಾದರೆ ತಿಳಿಸಬೇಕೆಂದು ಮಿಂಚಂಚೆಯಲ್ಲೇ ಬರೆದು ಹಾಕು, ಸಾಧ್ಯವಾದರೆ ಪುಟದ ಪಿಡಿಎಫ್ ತರಿಸಿ ನೋಡು. ನುಡಿ ತಂತ್ರಾಂಶದ ಅಕ್ಷರದಲ್ಲಿ ಬೇಕೋ ಯುನಿಕೋಡ್‌ನಲ್ಲಿ ಬೇಕೋ ಎಂಬುದನ್ನೂ ಈಗಲೇ ವಿಚಾರಿಸು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದೊಳಗೆ ಬರೆದು ಮುಗಿಸಬೇಕು. ಆಮೇಲೆ ಕಿಡಿಯೊಗೆ ಹಿಟ್ಟು ನಾದಿದರೆ ಪೆನ್ನು ಹಿಡಿಯಲು ಕೈಯೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ.

ಬರುವ ಶನಿವಾರ ಕಿನ್ನಿಗೋಳಿಗೆ ಹೋಗು, ನಾನೂ ಬರುತ್ತೇನೆ. ಹೋಗುವಾಗ ಒಂದು ಕಿಲೋ ಬಿಳಿ ಎಳ್ಳು ತೆಗೆದುಕೋ, ಹೇಗೂ ಅವಳಿಗೆ ಬೇಕಾಗುತ್ತದೆ. ಕರಡನ್ನು ಮಾತ್ರ ಈ ಗುಂಪಿನಲ್ಲಿ ಹಾಕಬೇಡ, ದುಬೈಯ ಬಾಪ್ಪು ಮೊದಲ ಸಾಲು ಓದುವಷ್ಟರಲ್ಲೇ ಎಲ್ಲರಿಗೂ ಹಂಚಿಬಿಡುತ್ತಾರೆ.