ಭುಜದ ನೋವಿದ್ದರೆ ಕೈಹಿಡಿತವೂ ಕುಗ್ಗುತ್ತದೆಯೇ?

ಪ್ರಶ್ನೆ (ವಿರಾಜಪೇಟೆ): ನಮ್ಮ ತಾಯಿಯವರಿಗೆ ಬಲ ಭುಜದ ನೋವು ಶುರುವಾಗಿ ನಾಲ್ಕು ತಿಂಗಳಾಯಿತು. ಕಾಫಿ ಕೊಯ್ಲಿನಲ್ಲಿ ಕೊಂಬೆ ಬಗ್ಗಿಸಿ ಹಣ್ಣು ಬಿಡಿಸುತ್ತಿದ್ದ ಅದೇ ಕೈಯಿಂದ ಈಗ ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಹಿಡಿಕೆಯೂ ಜಾರುತ್ತದೆ. ನೋವು ಭುಜದಲ್ಲಿರುವಾಗ ಮುಷ್ಟಿಯ ಬಲ ಕುಗ್ಗುವುದೇಕೆ?

ಉತ್ತರ 1 (ಫಿಸಿಯೋಥೆರಪಿಸ್ಟ್, ಮಡಿಕೇರಿ): ಏನನ್ನಾದರೂ ಬಿಗಿಯಾಗಿ ಹಿಡಿದಾಗ ಭುಜದ ಕೀಲನ್ನು ಸ್ಥಿರವಾಗಿಡುವ ಸ್ನಾಯುಗಳೂ ಜೊತೆಗೇ ಬಿಗಿಯುವುದರಿಂದ, ಅಲ್ಲಿ ನೋವಿದ್ದರೆ ಹಿಡಿತ ತಾನಾಗಿಯೇ ಸಡಿಲವಾಗುವುದುಂಟು. ಮೊಣಕೈಯನ್ನು 90 ಡಿಗ್ರಿ ಮಡಿಸಿ ಕೂರಿಸಿ, ಹಿಡಿತದ ಬಲ ಅಳೆಯುವ ಡೈನಮೋಮೀಟರಿನಲ್ಲಿ ಎರಡೂ ಕೈಗಳನ್ನು ತಲಾ 3 ಬಾರಿ ಅಳೆಯಿಸಿ. ಆ ಕಿಲೋಗ್ರಾಂ ಲೆಕ್ಕವೊಂದೇ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ತಲೆ ಬಾಚಲು, ಸೀರೆ ಉಡಲು ಎಷ್ಟು ಕಷ್ಟವಾಗುತ್ತದೆ ಎಂದು ಅವರನ್ನೇ ಕೇಳಬೇಕು. ತೋಳು, ಭುಜ, ಕೈಗಳ ತೊಂದರೆಯನ್ನು ರೋಗಿಯಿಂದಲೇ ತಿಳಿಯುವ 30 ಪ್ರಶ್ನೆಗಳ ಡ್ಯಾಶ್ (DASH) ಪ್ರಶ್ನಾವಳಿ ಇರುವುದೇ ಅದಕ್ಕಾಗಿ.

ಉತ್ತರ 2 (ಸೋಮವಾರಪೇಟೆ): ಬೆರಳುಗಳಲ್ಲಿ ಜೋಮು ಇದೆಯೇ? ಇದ್ದರೆ ಕುತ್ತಿಗೆಯ ನರವನ್ನೂ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು: ಹೆಬ್ಬೆರಳಿನಲ್ಲಿ ಇದೆಯಂತೆ. ನಾಳೆಯೇ ಕರೆದೊಯ್ಯುತ್ತೇನೆ.