ಅಪ್‌ಡೇಟ್: ರಾಯಚೂರಿನ ಬಿಸಿಲಿಗೆ ಕೊನೆಗೂ ಯಾವ ಹೂ ಹಾಕಿದೆವು

ಪಶ್ಚಿಮಕ್ಕೆ ಮುಖ ಮಾಡಿದ ಅಂಗಳ, ಸಂಜೆವರೆಗೂ ಬಿಸಿಲು, ದಿನಾ ಆರೈಕೆ ಮಾಡೋಕೆ ಪುರುಸೊತ್ತಿಲ್ಲ. ವರ್ಷ ವರ್ಷ ಹೊಸದಾಗಿ ನೆಡದೆ ಉಳಿಯುವ ಹೂಗಿಡ ಯಾವುದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ತುಂಬಾ ಜನ ಕಣಗಿಲೆ ಹೇಳಿದ್ದಿರಿ. ಬಿಸಿಲಿಗೆ ಅದಕ್ಕಿಂತ ಗಟ್ಟಿ ಗಿಡ ಸಿಗಲ್ಲ, ನಿಜ. ಆದರೆ ಎಲೆ, ಹೂ, ಕಾಂಡ ಎಲ್ಲವೂ ವಿಷ. ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗು ಇದೆ. ಹಾಗಾಗಿ ಬೇಡ ಅಂತ ಬಿಟ್ಟೆವು.

ಗೇಟಿನ ಪಕ್ಕ ಕಾಗದದ ಹೂವಿನ ಬಳ್ಳಿ ಹಾಕಿದೆವು. ಇದಕ್ಕೆ ನೀರು ಜಾಸ್ತಿಯಾದರೆ ಬರೀ ಎಲೆ ಬರುತ್ತೆ. ಮೇಲ್ಮಣ್ಣು ಪೂರ್ತಿ ಒಣಗಲು ಬಿಟ್ಟು ನೀರು ಹಾಕಿದ ಮೇಲೆ ಬಣ್ಣ ನೋಡಬೇಕು! ಹತ್ತಿರ ಹೋಗಿ ನೋಡಿದ್ದೀರಾ? ಆ ಗುಲಾಬಿ ಬಣ್ಣದ್ದೆಲ್ಲ ಎಲೆಯ ಜಾತಿ. ನಿಜವಾದ ಹೂವು ನಡುವೆ ಸಣ್ಣ ಬಿಳಿ ಕೊಳವೆಯ ಹಾಗಿರುತ್ತೆ. ಒಂದು ಸುತ್ತು ಹೂ ಮುಗಿದ ಕೂಡಲೇ ತುದಿ ಕತ್ತರಿಸಿದರೆ ಹೊಸ ಚಿಗುರಲ್ಲಿ ಮತ್ತೆ ಬರುತ್ತೆ.

ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಕಾಟ ಇದ್ದೇ ಇದೆ. ಸಂಜೆ ಹೊತ್ತು ನೀರಿಗೆ ಸ್ವಲ್ಪ ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಎಲೆಯ ಅಡಿಗೆ ಹೊಡೀತೀವಿ.

ಸದಾಪುಷ್ಪದ ಬಗ್ಗೆ ಹೇಳೋಕೆ ಏನೂ ಇಲ್ಲ, ಬೀಜ ಉದುರಿ ಮೆಟ್ಟಿಲಿನ ಸಂದಿಯಲ್ಲೂ ಹುಟ್ಟಿದೆ. ನೀರು ನಿಲ್ಲದ ಹಾಗೆ ನೋಡಿಕೊಂಡರೆ ಸಾಕು.

ಕೇಪಳ ಮಾತ್ರ ನಮ್ಮ ಕಪ್ಪು ಮಣ್ಣಿಗೆ ಒಗ್ಗಲಿಲ್ಲ. ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಅದಕ್ಕೆ ಹುಳಿ (ಆಮ್ಲೀಯ) ಮಣ್ಣು ಬೇಕಂತೆ. ಕೆಂಪು ಮಣ್ಣು, ಗೊಬ್ಬರ ಹಾಕಿ ಕುಂಡಕ್ಕೆ ಬದಲಿಸಿದ್ದೇವೆ.