ತಾಳಿಕೋಟೆ, ಕಿತ್ತೂರು, ಕಲ್ಯಾಣ: ಈಚೆಗೆ ಓದಿದ ಮೂರು ಐತಿಹಾಸಿಕ ಕಾದಂಬರಿಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು?

ಓದುಗ, ವಿಜಯಪುರ

ಈಚೆಗೆ ಸಾಲಾಗಿ ಮೂರು ಐತಿಹಾಸಿಕ ಕಾದಂಬರಿ ಓದಿದೆ. ಒಂದು 1565ರ ರಕ್ಕಸ-ತಂಗಡಿ (ತಾಳಿಕೋಟೆ) ಕಾಳಗದ್ದು, ಒಂದು ಕಿತ್ತೂರಿನದು, ಇನ್ನೊಂದು ಬಸವಣ್ಣನವರ ಕಾಲದ ಕಲ್ಯಾಣದ್ದು. ಮೂರೂ ಹೊಸಬರು ಬರೆದವು. ತಪ್ಪು ತೋರಿಸುವ ಚರ್ಚೆ ಅವರ ಹೆಸರಿಗೆ ಅಂಟಿಕೊಳ್ಳುವುದು ಬೇಡವೆಂದು ಪುಸ್ತಕದ ಹೆಸರು ಬಿಟ್ಟಿದ್ದೇನೆ.

ಕಾಳಗದ ಕಾದಂಬರಿಯಲ್ಲಿ ವಿಜಯನಗರದ ರಾಮರಾಯನ ಮುಪ್ಪು ಮತ್ತು ಹಟ, ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರ ಜೊತೆಗಿನ ಮಾತುಕತೆ ಬಹಳ ಚೆನ್ನಾಗಿ ಬಂದಿವೆ. ಆದರೆ ಯುದ್ಧಕ್ಕೆ ಹೊರಟ ವಿಜಯಪುರದ ಸುಲ್ತಾನ ಒಂದನೇ ಅಲಿ ಆದಿಲಶಾಹ ಗೋಳಗುಮ್ಮಟದ ನೆರಳಲ್ಲಿ ನಿಂತು ಆಣೆ ಮಾಡುತ್ತಾನೆ, ಬುರುಜಿನ ಮೇಲಿಂದ ಮಲಿಕ್-ಎ-ಮೈದಾನ್ ತೋಪು ಗುಡುಗುತ್ತದೆ. ಅಲ್ಲಿಗೇ ಪುಸ್ತಕ ಮುಚ್ಚಿಡೋಣ ಅನ್ನಿಸಿತು. ಇನ್ನೊಂದು ಕೊರತೆ ಅದಕ್ಕಿಂತ ದೊಡ್ಡದು. ಇಡೀ ಯುದ್ಧ ಎರಡು ಧರ್ಮಗಳ ಜಗಳ ಎಂಬ ಒಂದೇ ಎಳೆಯಲ್ಲಿ ಮುಗಿದುಹೋಗುತ್ತದೆ.

ಭಾಷೆ ನೋಡಿದರೆ ಕಿತ್ತೂರಿನದೇ ಮೇಲು. ಆದರೆ ಅದರಲ್ಲಿ ಡಾಲ್‌ಹೌಸಿಯ ಕಾಯಿದೆ ಚೆನ್ನಮ್ಮನ ದತ್ತುಮಗನಿಗೆ ಅಡ್ಡ ಬರುತ್ತದೆ, ಥ್ಯಾಕರೆ ‘ಬೆಳಗಾವಿ ಕಲೆಕ್ಟರ್’ ಆಗುತ್ತಾನೆ. ಕಲ್ಯಾಣದ ಕಾದಂಬರಿಯ ದಾಸೋಹದ ಅಧ್ಯಾಯ ಓದಿದರೆ ಹಸಿವಾಗುವಷ್ಟು ರುಚಿಯಾಗಿದೆ. ಆದರೆ ಎಲೆಯ ಮೇಲೆ ರೊಟ್ಟಿಯ ಜೊತೆ ಕೆಂಪು ಖಾರ, ಶೇಂಗಾ ಹಿಂಡಿ ಇವೆ. ಬಿಜ್ಜಳ ‘ದರ್ಬಾರಿ’ನಲ್ಲಿ ಕುಳಿತು ‘ಹುಕುಂ’ ಹೊರಡಿಸುತ್ತಾನೆ.

ನನ್ನ ಪ್ರಶ್ನೆ ಎರಡು. ಇಂಥವುಗಳಲ್ಲಿ ಲೇಖಕನ ಸ್ವಾತಂತ್ರ್ಯ ಯಾವುದು, ತಪ್ಪು ಯಾವುದು? ಓದುವಾಗಲೇ ನಮ್ಮಂಥವರು ಪರೀಕ್ಷೆ ಮಾಡಿಕೊಳ್ಳಲು ಏನು ದಾರಿ?

ಬುರುಜು, ವಿಜಯಪುರ

ನಿಮ್ಮ ಅನುಮಾನ ಸರಿಯಾಗಿದೆ. ಗೋಳಗುಮ್ಮಟ ಮಹಮ್ಮದ್ ಆದಿಲಶಾಹನ ಗೋರಿ. ಅವನು ತೀರಿದ್ದು 1656ರಲ್ಲಿ, ಅಂದರೆ 1565ರ ಕಾಳಗವಾಗಿ 91 ವರ್ಷಕ್ಕೆ. ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ತೋಪು, ನಮ್ಮೂರಿಗೆ ಬಂದದ್ದು 1632ರಲ್ಲಿ. ಇಬ್ರಾಹಿಂ ರೋಜಾ, ತಾಜ್ ಬಾವಡಿ, ಉಪ್ಪಲಿ ಬುರುಜು, ಅಸಾರ್ ಮಹಲು ಎಲ್ಲ ಕಾಳಗದ ಆಮೇಲಿನವೇ. 1565ರ ವಿಜಯಪುರ ಚಿತ್ರಿಸುವವರಿಗೆ ಗಗನ ಮಹಲು ಸಿಗುತ್ತದೆ, ಅದು 1561ರದು. ಅಲಿ ಕಟ್ಟಿಸುತ್ತಿದ್ದ ಹೊರಕೋಟೆಯ ಗೋಡೆ, ಒಳಕೋಟೆಯಾದ ಅರಕಿಲ್ಲಾ ಸಿಗುತ್ತವೆ. ಗುಮ್ಮಟವಿಲ್ಲದ ಆ ಊರನ್ನು, ಕಲ್ಲುಕುಟಿಗರ ಸದ್ದಿನ ನಡುವೆ ಅರ್ಧ ಎದ್ದ ಗೋಡೆಗಳನ್ನು ಕಣ್ಣಿಗೆ ಕಟ್ಟಿಸಿದ್ದರೆ ಎಂಥ ಅಧ್ಯಾಯವಾಗುತ್ತಿತ್ತು!

ಕಾಳಗದ ಬಗ್ಗೆ ನಾನು ಮೊದಲು ಹುಡುಕುವುದು ಹೊಳೆ ದಾಟುವ ಭಾಗ. ಸುಲ್ತಾನರ ಸೇನೆ ಬೀಡುಬಿಟ್ಟದ್ದು ಕೃಷ್ಣೆಯ ಉತ್ತರಕ್ಕೆ, ತಾಳಿಕೋಟೆಯ ಕಡೆ. ನದಿ ಹಾಯುವ ಜಾಗವನ್ನು ರಾಮರಾಯನ ದಂಡು ದಕ್ಷಿಣ ದಂಡೆಯಿಂದ ಕಾಯುತ್ತಿತ್ತು. ಆಗ ಸುಲ್ತಾನರು ಬೇರೆ ಜಾಗ ಹುಡುಕುವವರಂತೆ ದಂಡೆಗುಂಟ ದಿನಗಟ್ಟಲೆ ನಡೆದರು. ರಾಮರಾಯನ ದಂಡೂ ಆಚೆ ದಂಡೆಯಲ್ಲಿ ಅವರಿಗೆ ಸರಿಯಾಗಿ ಸಾಗಿತು. ಮೊದಲಿನ ಜಾಗ ಬರಿದಾದದ್ದೇ ತಡ, ಇವರು ರಾತ್ರೋರಾತ್ರಿ ತಿರುಗಿ ಬಂದು ದಾಟಿಬಿಟ್ಟರು. ಪಾರಸಿಯಲ್ಲಿ ಇತಿಹಾಸ ಬರೆದ ಫರಿಷ್ತಾ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಈ ಹೂಟವನ್ನು ಬಿಟ್ಟ ಕಾದಂಬರಿ ಕಾಳಗದ ಜೀವವನ್ನೇ ಬಿಟ್ಟಂತೆ. ಆದರೆ ಫರಿಷ್ತಾ ಯುದ್ಧ ಕಂಡವನಲ್ಲ. ಆಮೇಲೆ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ವಿಜಯಪುರದಲ್ಲಿ ಕುಳಿತು ಬರೆದವನು. ಅಲಿಯನ್ನು ಹೊಗಳುವ ಕಡೆ, ರಾಮರಾಯನ ಸೊಕ್ಕನ್ನು ವರ್ಣಿಸುವ ಕಡೆ ಅದನ್ನು ನೆನಪಿಡಬೇಕು. ತೋಪುಗಳಲ್ಲಿ ತಾಮ್ರದ ದುಡ್ಡು ತುಂಬಿ ಹಾರಿಸಿದರು ಎಂಬುದೂ ಅವನದೇ ಮಾತು. ಕಾದಂಬರಿಗೆ ಅದು ತಕ್ಕದ್ದು, ಬಳಸಲಿ.

ಧರ್ಮದ ಜಗಳ ಎಂಬ ಒಂದೇ ಎಳೆ ನಿಲ್ಲುವುದಿಲ್ಲ. ರಾಮರಾಯ ಹರೆಯದಲ್ಲಿ ಗೋಲ್ಕೊಂಡದ ಸುಲ್ತಾನನ ಕೈಕೆಳಗೆ ಇದ್ದವನು. ಇದೇ ಅಲಿ ಆದಿಲಶಾಹ ಯುದ್ಧಕ್ಕೆ ಕೆಲವೇ ವರ್ಷ ಮೊದಲು ತಾನೇ ವಿಜಯನಗರಕ್ಕೆ ಹೋಗಿ ಸ್ನೇಹ ಬೆಳೆಸಿದ. ಇಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿದರು. ಬೈರಿಗಳಾಗಿದ್ದ ವಿಜಯಪುರ, ಅಹಮದನಗರಗಳು ಒಂದಾದದ್ದು ಮದುವೆಯಿಂದ: ನಿಜಾಮಶಾಹನ ಮಗಳು ಚಾಂದಬೀಬಿ ಅಲಿಗೆ, ಜೊತೆಗೆ ಸೊಲ್ಲಾಪುರದ ಕೋಟೆ. ದಶಕಗಟ್ಟಲೆ ಬಡಿದಾಡಿದ್ದ ಆ ಕೋಟೆ ಬಳುವಳಿಯಾಗಿ ಕೈಗೆ ಬಂತು. ಮಿತ್ರ ವೈರಿಯಾಗುವ, ವೈರಿ ಬೀಗನಾಗುವ ಇಷ್ಟು ದೊಡ್ಡ ನಾಟಕ ಕಣ್ಣೆದುರಿಗೆ ಇರುವಾಗ ಅದನ್ನು ಒಂದು ಘೋಷಣೆಗೆ ಇಳಿಸಿದರೆ ನಷ್ಟ ಇತಿಹಾಸಕ್ಕಿಂತ ಕಾದಂಬರಿಗೇ ಹೆಚ್ಚು. ಕಾದಂಬರಿಯಲ್ಲಿ ಚಾಂದಬೀಬಿ ಕತ್ತಿ ಹಿಡಿದಿದ್ದರೆ ಅದೂ ಅವಸರವೇ. 1565ರಲ್ಲಿ ಅವಳಿನ್ನೂ ಹುಡುಗಿ. ಅಹಮದನಗರದ ಕೋಟೆ ಕಾಯ್ದದ್ದು 1595-96ರಲ್ಲಿ.

ಇನ್ನು ನೆಲದ ಮಾತು. ದಂಡು ಹೊರಟದ್ದು ಡಿಸೆಂಬರಿನಲ್ಲಿ, ಕಾಳಗವಾದದ್ದು ಜನವರಿ 23ಕ್ಕೆ. ಮಳೆಗಾಲದಲ್ಲಿ ನಮ್ಮ ಎರಿ ಭೂಮಿ ಎತ್ತಿನ ಗೊರಸು, ಬಂಡಿಯ ಗಾಲಿ ಎರಡನ್ನೂ ಹಿಡಿದುಬಿಡುತ್ತದೆ, ತೋಪು ಒಂದು ಮಾರು ಮುಂದೆ ಹೋಗುವುದಿಲ್ಲ. ಹೊಳೆಯೂ ತುಂಬಿರುತ್ತದೆ. ಆಷಾಢದಲ್ಲಿ ತೋಪಿನ ಬಂಡಿಗಳು ಎರಿ ಹೊಲದಲ್ಲಿ ಓಡಿದರೆ ಆ ಲೇಖಕ ಈ ಸೀಮೆ ನೋಡಿಲ್ಲ ಎಂದೇ ಲೆಕ್ಕ. ಹಿಂಗಾರಿ ಜೋಳ ತೆನೆಗಟ್ಟಿ ನಿಂತ ಹೊಲಗಳ ನಡುವೆ ದಂಡು ಸಾಗಿದ್ದು ಎಂದು ಬರೆದವರಿದ್ದರೆ ಅವರಿಗೆ ನನ್ನ ನಮಸ್ಕಾರ.

ಮಲಪ್ರಭಾ, ಬೈಲಹೊಂಗಲ

ಕಿತ್ತೂರಿನ ಮಾತು ನಾ ಹೇಳ್ತೀನ್ರಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದ 1848ರಾಗ. ಚೆನ್ನಮ್ಮ ನಮ್ಮ ಬೈಲಹೊಂಗಲದ ಸೆರಿಯಾಗ ತೀರಿಕೊಂಡದ್ದು 1829ರ ಫೆಬ್ರುವರಿ 2ಕ್ಕ. ನಡುವ 19 ವರ್ಷ ಅಂತರ ಐತಿ. ಈ ತಪ್ಪು ಕಾದಂಬರಿಯಾಗ ಅಷ್ಟ ಅಲ್ಲ, ಭಾಷಣದಾಗೂ ಬರ್ತೈತಿ.

ನಡೆದದ್ದು ಏನಂದ್ರ, ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರದಾಗ ಮಕ್ಕಳಿಲ್ಲದ ತೀರಿಕೊಂಡ. ಸಾಯೂಕಿಂತ ಮೊದಲ ದತ್ತಕ ತಗೊಂಡಾರಂತ ಸಂಸ್ಥಾನದವರು ಕಾಗದ ತೋರಿಸಿದ್ರು. ದೇಸಾಯಿ ಜೀವಂತ ಇದ್ದಾಗ ಈ ಕಾಗದ ಆಗಿಲ್ಲ ಅಂತ ಥ್ಯಾಕರೆ ಸಂಶಯ ತಗದ. ಜಗಳ ಇದ್ದದ್ದು ಒಂದು ಕಾಯಿದೆದ್ದಲ್ಲ, ಒಂದು ಸಹಿದು, ಒಂದು ತಾರೀಖಿಂದು. ಆಮ್ಯಾಲ ಅಂವ ಖಜಾನಿಗೆ ಮುದ್ರಿ ಒತ್ತಿದ, ಕಾವಲ ಹಾಕಿದ. ಇದನ್ನ ಹಂತ ಹಂತವಾಗಿ ಬಿಚ್ಚಿಟ್ಟರ ಓದಾವರಿಗೆ ಎದಿ ಬಡಕೊಳ್ಳೂವಂಥಾ ಭಾಗ ಆಗ್ತೈತಿ. ಡಾಲ್‌ಹೌಸಿ ಹೆಸರು ತಂದ್ರ ಅದೆಲ್ಲಾ ಒಂದ ಸಾಲಿನ್ಯಾಗ ಮುಗೀತು.

ಥ್ಯಾಕರೆ ಧಾರವಾಡದ ಕಲೆಕ್ಟರ, ಪೊಲಿಟಿಕಲ್ ಏಜಂಟ. ಬೆಳಗಾವಿ ಬ್ಯಾರೆ ಜಿಲ್ಲಾ ಆದದ್ದ 1836ಕ್ಕ. ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್, ದಖ್ಖಣದ ಕಮಿಷನರ್ ಚಾಪ್ಲಿನ್. ಈ ಮೂರು ಹೆಸರು, ಹುದ್ದೆ ಸರಿ ಇದ್ರ ಲೇಖಕರು ಕಾಗದಪತ್ರ ನೋಡ್ಯಾರ ಅಂತ ತಿಳೀಬಹುದು. ಕಾಳಗ ಎರಡು ಆದೂವು: ಅಕ್ಟೋಬರ 23ರ ಗೆಲುವು, ಅದರಾಗ ಥ್ಯಾಕರೆ ಬಿದ್ದ, ಡಿಸೆಂಬರ ಮೊದಲ ವಾರದ ಮುತ್ತಿಗಿ, ಅದರಾಗ ಕೋಟಿ ಹೋತು. ಎರಡೂ ಕೂಡಿಸಿ ಒಂದ ರಾತ್ರಿಯಾಗ ಮುಗಸಾವರಿದ್ದಾರ. ನಡುವಿನ ಆರು ವಾರ ಅಲ್ಲೇನ ಬರಿಯಾಕ ಸಿಗೂದು? ಸೆರಿ ಸಿಕ್ಕ ಇಬ್ಬರು ಇಂಗ್ಲೀಷರು ಕೋಟಿಯಾಗ, ಸಂಧಾನದ ಕಾಗದ ಹೋಗೂದು ಬರೂದು, ಹೊರಗ ದಂಡ ಕೂಡೂದು. ಆ ಇಬ್ಬರಾಗ ಒಬ್ಬಾಂವ ವಾಲ್ಟರ್ ಎಲಿಯಟ್. ಮುಂದ ಇದ ಮನುಷ್ಯಾ ಕನ್ನಡ ಶಾಸನಗಳನ್ನ ನೂರಾರು ಪ್ರತಿ ಮಾಡಿಸಿ ಚಾಲುಕ್ಯರ ಇತಿಹಾಸ ಬರದಾ. ಇಂಥಾ ಪಾತ್ರ ಇತಿಹಾಸನ ಕೈಯಾಗ ಕೊಟ್ಟಿರತೈತಿ, ಆದ್ರ ಕಾದಂಬರಿಯಾಗ ಅಂವ ‘ಒಬ್ಬ ಬಿಳಿಯ ಸೈನಿಕ’ ಆಗಿ ಉಳೀತಾನ.

ಇನ್ನೊಂದು. ಶಿವಲಿಂಗರುದ್ರಸರ್ಜ ಹಿರಿಯ ರಾಣಿ ರುದ್ರಮ್ಮನ ಮಗ, ಚೆನ್ನಮ್ಮನ ಹೊಟ್ಟಿ ಮಗ ಅಲ್ಲ. ಅದನ್ನ ಮರೆತರ ಅರಮನಿ ಒಳಗಿನ ಮಾತೆಲ್ಲಾ ಹಳಿ ತಪ್ಪತಾವ. ಊರ ಲೆಕ್ಕಾ ಬರಿಯಾಂವಗ ‘ಶಾನುಭೋಗ’ ಅಂದಿದ್ರ ಅದು ಮೈಸೂರು ಸೀಮಿ ಮಾತು. ನಮ್ಮ ಕಡೆ ಕುಲಕರ್ಣಿ.

ತಾಡೋಲೆ, ಬಾಗಲಕೋಟೆ

ಕಲ್ಯಾಣದ ಕಾದಂಬರಿಯ ಅಡುಗೆ ಮನೆಗೆ ಬರೋಣ. ಮೆಣಸಿನಕಾಯಿ, ಶೇಂಗಾ, ಬಟಾಟೆ, ಟೊಮೆಟೊ, ಗೋವಿನಜೋಳ, ಪೇರಲ, ಗೋಡಂಬಿ, ತಂಬಾಕು, ಇವೆಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲಿನವು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498. ಬಸವಣ್ಣನವರು 12ನೆಯ ಶತಮಾನದವರು. ಆ ಎಲೆಯ ಮೇಲೆ ಜೋಳದ ರೊಟ್ಟಿ ಇರಲಿ, ತೊಗರಿ, ಕಡಲೆ, ಹುರುಳಿ, ನವಣೆ, ಎಳ್ಳು, ಬೆಲ್ಲ, ತುಪ್ಪ, ಮಜ್ಜಿಗೆ ಇರಲಿ. ಖಾರಕ್ಕೆ ಕಾಳಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ. ಶೇಂಗಾ ಹಿಂಡಿಯ ಬದಲು ಎಳ್ಳನ್ನೇ ಕಾಳಮೆಣಸು ಹಾಕಿ ಕುಟ್ಟಿದರೆ ರುಚಿಗೆ ಏನೂ ಕಡಿಮೆಯಾಗುವುದಿಲ್ಲ. ತಂಬಾಕು ವಿಜಯಪುರದ ಕಾದಂಬರಿಗೆ ಮಾತ್ರ ಒಳ್ಳೆಯ ಸರಕು: 1604ರ ಹೊತ್ತಿಗೆ ಅಕ್ಬರನ ಕಡೆಯ ಅಸದ್ ಬೇಗ್ ಅದನ್ನು ವಿಜಯಪುರದಲ್ಲೇ ಕಂಡು ಆಗ್ರಾಕ್ಕೆ ಒಯ್ದು ಬಾದಶಹನಿಗೆ ಕೊಟ್ಟ.

ಪದಗಳದ್ದೂ ಇದೇ ಕಥೆ. ದರ್ಬಾರು, ಹುಕುಂ, ಖಜಾನೆ, ಸಲಾಮು, ತಯಾರಿ ಪಾರಸಿ-ಅರಬಿ ದಾರಿಯಿಂದ ಬಂದವು. ಬಿಜ್ಜಳನ ಬಾಯಿಗೆ ಓಲಗ, ಆಣತಿ, ಭಂಡಾರ, ಬಿನ್ನಪ, ದಂಡನಾಯಕ, ಸೇನಬೋವ ಎಂಬ ಶಾಸನದ ಮಾತುಗಳಿವೆ. ಬಸವಣ್ಣನವರು ಭಂಡಾರಿ ಎಂದು ಪ್ರತಿ ಪುಟದಲ್ಲಿ ಬರೆದು, ಅವರು ಕಾಯುವುದು ‘ಖಜಾನೆ’ ಎನ್ನುವುದು ಕಿವಿಗೆ ಬಡಿಯುತ್ತದೆ. ಹಣ ಗದ್ಯಾಣ, ಪಣ, ಹಾಗಗಳಲ್ಲಿ ಇರಬೇಕು. ರೂಪಾಯಿ ಶೇರ್‌ಶಾಹನ ಕಾಲದ್ದು, 16ನೆಯ ಶತಮಾನದ್ದು. ಹೊತ್ತು ‘ಐದು ನಿಮಿಷ’ ಆಗಬಾರದು. ಒಂದು ಘಳಿಗೆ ಎಂದರೆ ಈಗಿನ 24 ನಿಮಿಷ, ದಿನಕ್ಕೆ 60 ಘಳಿಗೆ, ಏಳೂವರೆ ಘಳಿಗೆಗೆ ಒಂದು ಜಾವ. ವಚನ ಬರೆಯುವುದು ತಾಳೆಗರಿಯ ಮೇಲೆ, ಕಬ್ಬಿಣದ ಕಂಟದಿಂದ, ಅಂದರೆ ಮೊನಚು ಲೇಖನಿಯಿಂದ. ಗೀಚಿದ ಮೇಲೆ ಮಸಿ ಸವರಿದರೆ ಅಕ್ಷರ ಎದ್ದು ಕಾಣುತ್ತದೆ. ಸಿಟ್ಟಿನಲ್ಲಿ ಓಲೆಯನ್ನು ಕಾಗದದಂತೆ ಮುದುಡಿ ಎಸೆಯುವ ದೃಶ್ಯ ಬಂದರೆ ಲೇಖಕರು ತಾಡೋಲೆ ಮುಟ್ಟಿಲ್ಲ. ಅದು ಮುದುಡುವುದಿಲ್ಲ, ಸೀಳುತ್ತದೆ.

ಊರ ಹೆಸರು ಸಹ ನೋಡಿ. ಐಹೊಳೆ ಆಗ ಅಯ್ಯಾವೊಳೆ, ಸವದತ್ತಿ ಸುಗಂಧವರ್ತಿ, ಬೆಳಗಾವಿ ವೇಣುಗ್ರಾಮ. ಬಾದಾಮಿಯ ಪುಲಿಕೇಶಿಯ ಕಥೆಯಾದರೆ ವಾತಾಪಿ.

ನಡುಪಂಕ್ತಿ, ಬೆಳಗಾವಿ

ತಾಡೋಲೆಯವರ ಅಡುಗೆ ಮನೆಗೆ ಪೂರ್ತಿ ಒಪ್ಪಿಗೆ, ಪದಗಳ ವಿಷಯಕ್ಕೆ ಅರ್ಧ ಮಾತ್ರ. ಪಾತ್ರದ ಮಾತು ಬೇರೆ, ಕಥೆ ಹೇಳುವವನ ಮಾತು ಬೇರೆ. ಹೇಳುವವನು ಇಂದಿನವನು, ಅವನು ‘ತಯಾರಿ’ ಎಂದರೆ ತಪ್ಪಲ್ಲ. ಪಾತ್ರದ ಬಾಯಲ್ಲಿ ಬಂದರೆ ತಪ್ಪು. ಎಲ್ಲ ಮಾತನ್ನೂ ಶಾಸನದ ಕನ್ನಡಕ್ಕೆ ತಿರುಗಿಸಹೊರಟರೆ ಪಾತ್ರಗಳು ಕಲ್ಲಾಗುತ್ತವೆ, ಮತ್ತು ಆ ಕಾಲದ ಜನ ಹಾಗೆ ಮಾತಾಡುತ್ತಿರಲಿಲ್ಲ ಎಂಬುದಕ್ಕೆ ವಚನಗಳೇ ಸಾಕ್ಷಿ.

ಎದುರು ದಿಕ್ಕಿನ ತಪ್ಪೂ ಇದೆ. ಆದಿಲಶಾಹಿ ಕಾದಂಬರಿಯಿಂದ ಪಾರಸಿ ಮಾತುಗಳನ್ನು ಹೆಕ್ಕಿ ತೆಗೆದು ‘ಶುದ್ಧ’ ಮಾಡುತ್ತಾರೆ. ಬಾಕಿ, ಜಮಾ, ಖರ್ಚು, ತಹಶೀಲು ನಮ್ಮ ಊರುಗಳಿಗೆ ಇಳಿದದ್ದೇ ಅಂಥ ಆಡಳಿತಗಳಿಂದ. ಆಸ್ಥಾನದಲ್ಲಿ ಪಾರಸಿ ಮತ್ತು ದಖನಿ, ಹಳ್ಳಿಯ ಲೆಕ್ಕದಲ್ಲಿ ಮರಾಠಿ, ಕನ್ನಡ, ಹೊಲದಲ್ಲಿ ಕನ್ನಡ. ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆ ದಾಟುವ ದೇಸಾಯಿಯೊಬ್ಬನನ್ನು ಬರೆದರೆ ಆ ರಾಜ್ಯವೇ ಎದ್ದು ನಿಲ್ಲುತ್ತದೆ.

ಸ್ವಾತಂತ್ರ್ಯ ಎಲ್ಲಿಯವರೆಗೆ ಎಂದು ಕೇಳಿದ್ದೀರಿ. ದಾಖಲೆ ಸುಮ್ಮನಿರುವಲ್ಲೆಲ್ಲ ಲೇಖಕರದೇ ರಾಜ್ಯ: ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಏನು ನೆನೆದಳು, ರಾಮರಾಯ ಹೊಳೆಯ ದಂಡೆಯಲ್ಲಿ ಆ ರಾತ್ರಿ ನಿದ್ದೆ ಮಾಡಿದನೇ, ಇದನ್ನು ಯಾವ ಶಾಸನವೂ ಹೇಳುವುದಿಲ್ಲ. ದಾಖಲೆ ಮಾತಾಡಿದ ಕಡೆ ಬದಲಿಸಿದರೆ ಕೊನೆಯಲ್ಲಿ ಒಂದು ಪುಟ ಬರೆದು ಏನು ಬದಲಿಸಿದೆ, ಏಕೆ ಎಂದು ಹೇಳಬೇಕು. ಕೊಳ್ಳುವ ಮೊದಲು ಆ ಪುಟ ಇದೆಯೇ ಎಂದು ನೋಡಿ.

ಓದುಗ, ವಿಜಯಪುರ

ಎಲ್ಲರಿಗೂ ಶರಣು. ಒಂದು ಉಳಿಯಿತು: ಕಾದಂಬರಿಗಳಲ್ಲಿ ಶಕ, ಹಿಜರಿ, ಶುಹೂರ್ ಎಂದು ವರ್ಷ ಕೊಟ್ಟಿರುತ್ತಾರೆ. ತಾಳೆ ನೋಡುವುದು ಹೇಗೆ?

ತಾಡೋಲೆ, ಬಾಗಲಕೋಟೆ

ಶಕಕ್ಕೆ 78 ಕೂಡಿಸಿ, ಜನವರಿಯಿಂದ ಫಾಲ್ಗುಣದ ಕೊನೆಯವರೆಗಿನ ದಿನವಾದರೆ 79. ಬಾದಾಮಿಯ ಬಂಡೆಯ ಶಾಸನ ಶಕ 465, ಅಂದರೆ 543. ಐಹೊಳೆಯ ರವಿಕೀರ್ತಿಯ ಶಾಸನ ಶಕ 556, ಅಂದರೆ 634-35. ಇದು ಕಳೆದ ವರ್ಷ ಎಣಿಸುವ ಲೆಕ್ಕ. ‘ವರ್ತಮಾನ’ ವರ್ಷ ಎಂದಿದ್ದರೆ ಒಂದು ಕಡಿಮೆ ಮಾಡಿ.

ಹಿಜರಿ ಚಾಂದ್ರ ವರ್ಷ, 354 ದಿನದ್ದು, ಆದ್ದರಿಂದ ಬರಿ ಕೂಡಿಸಿದರೆ ಆಗದು. 0.97ರಿಂದ ಗುಣಿಸಿ 622 ಕೂಡಿಸಿದರೆ ಒಂದು ವರ್ಷದ ಅಂತರದಲ್ಲಿ ಸಿಗುತ್ತದೆ. ಮಹಮ್ಮದ್ ಆದಿಲಶಾಹ ತೀರಿದ ಹಿಜರಿ 1067 ಹಾಕಿ ನೋಡಿ, 1657 ಬರುತ್ತದೆ. ಆ ಹಿಜರಿ ವರ್ಷ 1656ರ ಅಕ್ಟೋಬರಿನಲ್ಲಿ ಶುರುವಾಗಿ 1657ಕ್ಕೆ ದಾಟಿತು, ಅವನು ತೀರಿದ್ದು ಮೊದಲ ತಿಂಗಳಲ್ಲೇ. ಹೀಗಾಗಿ ತಿಂಗಳು ಕೊಟ್ಟಿದ್ದರೆ ತಪ್ಪದೆ ನೋಡಬೇಕು.

ಶುಹೂರ್ ಸನ್ ಆದಿಲಶಾಹಿ ಮತ್ತು ಮರಾಠರ ಕಾಗದಪತ್ರಗಳಲ್ಲಿ ಬರುತ್ತದೆ. ಅದು ಮೃಗಶಿರಾ ಮಳೆಗೆ ಶುರುವಾಗುವ ಸೌರ ವರ್ಷ. ಜೂನಿನಿಂದ ಡಿಸೆಂಬರಿನವರೆಗೆ 599, ಜನವರಿಯಿಂದ ಮೇವರೆಗೆ 600 ಕೂಡಿಸಿ. ಅಫ್ಜಲಖಾನ ಸತ್ತದ್ದು 1659ರ ನವೆಂಬರಿನಲ್ಲಿ, ಅಂದರೆ ಶುಹೂರ್ 1060. ಇದನ್ನೇ ಹಿಜರಿ ಎಂದು ಓದಿದರೆ 1650 ಆಗಿ ಒಂಬತ್ತು ವರ್ಷ ಹಿಂದೆ ಬೀಳುತ್ತದೆ.

ಬುರುಜು, ವಿಜಯಪುರ

ನಕಾಶೆ ಇಟ್ಟುಕೊಂಡು ಓದುವವರಿಗೆ ಒಂದು ಮಾತು. ರಕ್ಕಸಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ, ತಂಗಡಗಿ ನಮ್ಮ ಮುದ್ದೇಬಿಹಾಳದ ಕಡೆ. ಅಲ್ಲಿ ಈಗ ಕಾಣುವ ಹೊಳೆ 1565ರದ್ದಲ್ಲ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರದ ಜಲಾಶಯ ಇರುವುದರಿಂದ ನೀರಿನ ಮಟ್ಟ ಬದಲಾಗಿದೆ. ‘ಇಷ್ಟು ಅಗಲದ ಹೊಳೆಯನ್ನು ರಾತ್ರಿ ಹೇಗೆ ದಾಟಿದರು’ ಎಂದು ಕಾದಂಬರಿಯನ್ನು ಅಲ್ಲಗಳೆಯುವ ಮೊದಲು, ಆಣೆಕಟ್ಟು ಇಲ್ಲದ ಕೃಷ್ಣೆ ಜನವರಿಯಲ್ಲಿ ಎಷ್ಟು ಇಳಿದಿರುತ್ತಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.